ಬೂದಿ ನಿಲ್ಲುವ ಮೆಟ್ಟಿಲು

ಕತ್ತೆ ನಿಂತಿತು. ನಿಂತಿತು ಅಂದರೆ, ಒಂದು ಗಳಿಗೆ ಕಾಲು ತಡೆದು ನಿಂತದ್ದಲ್ಲ. ನಾಲ್ಕೂ ಗೊರಸನ್ನು ಮೆಟ್ಟಿಲಿನ ಕಲ್ಲಿಗೆ ಊರಿ, ಇನ್ನು ಜಪ್ಪಯ್ಯ ಅಂದರೂ ಕದಲುವುದಿಲ್ಲ ಎಂಬಂತೆ ನಿಂತೇಬಿಟ್ಟಿತು. ಅದರ ಬೆನ್ನಿನ ಎರಡು ಮಗ್ಗುಲಿಗೂ ಒಂದೊಂದು ಗ್ಯಾಸ್ ಸಿಲಿಂಡರ್ ಕಟ್ಟಿತ್ತು. ಹಗ್ಗ ಹಿಡಿದವಳು ಎರಡು ಸಲ ಎಳೆದಳು. ಮೂರನೆಯ ಸಲ ಎಳೆಯುವ ರಭಸಕ್ಕೆ ಅವಳದೇ ಚಪ್ಪಲಿ ಕಳಚಿಕೊಂಡು ನಾಲ್ಕು ಮೆಟ್ಟಿಲು ಕೆಳಗೆ ಹೋಗಿ ಬಿತ್ತು.

"ಅಯ್ಯೋ ನಿನ್ನ! ನಡಿಯೇ, ಮೇಲಿನ ಮನೆಯವರು ಒಲೆ ಆರಿಸ್ಕೊಂಡು ಕೂತಿದ್ದಾರೆ," ಎಂದು ಗದರಿದಳು.

ಕತ್ತೆ ಅವಳ ಕಡೆ ನೋಡಲೂ ಇಲ್ಲ. ನಿಧಾನವಾಗಿ ಮೈ ತಿರುಗಿಸಿ, ದಾರಿಗೆ ಪೂರ್ತಿ ಅಡ್ಡವಾಗಿ ನಿಂತು, ಎದುರಿನ ಗಡಿಯಾರ ರಿಪೇರಿ ಅಂಗಡಿಯ ಗೋಡೆಯನ್ನು ನೋಡತೊಡಗಿತು. ಮೇಲಿಂದ ಇಳಿಯುವವರು, ಕೆಳಗಿಂದ ಹತ್ತುವವರು ಹೊಟ್ಟೆ ಒಳಕ್ಕೆಳೆದುಕೊಂಡು ಗೋಡೆ ಸವರಿಕೊಂಡೇ ದಾಟಬೇಕಾಯಿತು. ಒಬ್ಬ, "ಟೈಲರಕ್ಕಾ, ಗಂಡನ ಕತ್ತೆಗೆ ಹೆಂಡ್ತಿ ಹಿಡಿಸ್ಲಿಲ್ಲ ಅನ್ಸುತ್ತೆ," ಎಂದು ನಕ್ಕು ಹೋದ. ಟೈಲರಕ್ಕ ಚಪ್ಪಲಿ ಹಾಕಿಕೊಂಡು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಸುಮಾರು ಹೊತ್ತಿನ ಮೇಲೆ, ಯಾರೂ ಏನೂ ಹೇಳದೆ ಕತ್ತೆ ತಾನಾಗಿಯೇ ನೇರವಾಗಿ ತಿರುಗಿ ಮೇಲಕ್ಕೆ ಹೊರಟಿತು. ಇವಳೇ ಗಡಬಡಿಸಿ ಎದ್ದು ಅದರ ಹಿಂದೆ ಓಡಿದಳು.

ಕತ್ತೆಯ ಹೆಸರು ಬೂದಿ. ಬಣ್ಣ ನೋಡಿ ಇಟ್ಟದ್ದು. ಮೂವತ್ತು ವರ್ಷ ಹೊಲಿಗೆ ಮಷೀನಿನ ಮುಂದೆ ಕೂತಿದ್ದ ಟೈಲರಕ್ಕನಿಗೆ ಈ ಕತ್ತೆ ಚಾಕರಿ ಗಂಟುಬಿದ್ದದ್ದು ಗಂಡ ಮೆಟ್ಟಿಲಲ್ಲಿ ಬಿದ್ದು ಪಾದದ ಮೂಳೆ ಮುರಿದುಕೊಂಡದ್ದರಿಂದ. ಆರು ವಾರ ಪ್ಲಾಸ್ಟರ್ ಅಂದಿದ್ದರು ಮೂಳೆ ಡಾಕ್ಟರು. "ಬೇಕು ಅಂತಲೇ ತಳ್ಳಿತು ಕಣ್ರೀ ಆ ಕತ್ತೆ," ಎಂದು ನೋಡಲು ಬಂದವರಿಗೆಲ್ಲ ಗಂಡ ಹೇಳಿದ. ಬಂದವರು ಕತ್ತೆಯನ್ನು ಬೈದು, ಚಹಾ ಕುಡಿದು ಹೋದರು.

ಆ ಊರು ಹಾಗಿತ್ತು. ಬಸ್ಸು, ಲಾರಿ, ಅಂಗಡಿ ಸಾಲು ಎಲ್ಲ ಗುಡ್ಡದ ಬುಡದಲ್ಲಿ. ಹಳೆಯ ಊರೆಲ್ಲ ಗುಡ್ಡದ ಮೇಲೆ. ನಡುವೆ ಮುನ್ನೂರ ಹನ್ನೆರಡು ಮೆಟ್ಟಿಲು. ಸೈಕಲ್ಲು ಕೂಡ ಹತ್ತುವಂತಿಲ್ಲ. ಮೇಲಿನ ಮನೆಗಳ ಒಂದೊಂದು ಇಟ್ಟಿಗೆ, ಒಂದೊಂದು ನಲ್ಲಿ, ಹಲ್ಲಿನ ಡಾಕ್ಟರ ಆ ದೊಡ್ಡ ಕುರ್ಚಿ, ಮದುವೆಯಾಗಿ ಬಂದ ಸೊಸೆಯರ ಕಪಾಟು, ಎಲ್ಲವೂ ಯಾವುದೋ ಒಂದು ಕತ್ತೆಯ ಬೆನ್ನೇರಿಯೇ ಅಲ್ಲಿಗೆ ಹೋಗಿದ್ದವು. ಹಾಗಂತ ಮೇಲಿನವರು ಕತ್ತೆಗಳನ್ನು ತಲೆಮೇಲೆ ಹೊತ್ತು ಮೆರೆಸುತ್ತಿದ್ದರು ಎಂದುಕೊಳ್ಳಬೇಡಿ. ಮಕ್ಕಳು ಪರೀಕ್ಷೆಯಲ್ಲಿ ಫೇಲಾದರೆ ಅವರ ಬಾಯಿಗೂ ಮೊದಲು ಬರುತ್ತಿದ್ದದ್ದು ಅದೇ ಹೆಸರು.

ಸಂಜೆ ಅವಳು ಹೊಸ್ತಿಲು ದಾಟುವ ಮೊದಲೇ ಗಂಡ ಮಂಚದಿಂದ ಕೇಳಿದ, "ನಿಂತಿತಾ?"

"ನಿಲ್ಲದೆ ಇರುತ್ತಾ! ಅರ್ಧ ದಾರಿಯಲ್ಲಿ ಬೇರು ಬಿಟ್ಟ ಹಾಗೆ ನಿಂತ್ಬಿಡ್ತು."

"ನಾನು ಹೇಳ್ಲಿಲ್ವಾ? ಎರಡು ವರ್ಷದಿಂದ ಬಡ್ಕೋತಾ ಇದ್ದೀನಿ, ಈ ಕತ್ತೆ ಮೊಂಡು ಬಿದ್ದಿದೆ ಅಂತ. ತಡ ಆಯ್ತು ಅಂದ್ರೆ ನೀನು ನನ್ನನ್ನೇ ಬೈತಿದ್ದೆ." ಅವನ ಮುಖದಲ್ಲಿ ಏನೋ ಗೆದ್ದವನ ಸಮಾಧಾನ ಕಂಡಿತು. ಕಾಲು ಮುರಿದುಕೊಂಡವನ ಮುಖದಲ್ಲಿ ಇದೇನು ಸಂತೋಷ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಈರುಳ್ಳಿ ಹೆಚ್ಚುವುದಿತ್ತು, ಹೆಚ್ಚಿದಳು.

ಗಂಡನನ್ನು ಊರವರು ಗಾಳಿಯಣ್ಣ ಅನ್ನುತ್ತಿದ್ದರು. ಹರೆಯದಲ್ಲಿ ಎರಡು ಚೀಲ ಸಿಮೆಂಟು ಹೊರಿಸಿದ ಕತ್ತೆಯನ್ನು ಹೊಡೆದುಕೊಂಡು ಮುನ್ನೂರ ಹನ್ನೆರಡು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ, ಮೇಲೆ ನಿಂತು ಸಿಳ್ಳೆ ಹಾಕುತ್ತಿದ್ದನಂತೆ. ಐವತ್ತೆಂಟಾದರೂ ಆ ಹೆಸರು ಹಾಗೇ ಉಳಿದಿತ್ತು. ಯಾರಾದರೂ ಹಾಗೆ ಕೂಗಿದರೆ ಅವನ ಎದೆ ಇವತ್ತಿಗೂ ಎರಡು ಇಂಚು ಅಗಲವಾಗುತ್ತಿತ್ತು. ಅವನ ಅಂಗಿಗಳನ್ನೆಲ್ಲ ಹೊಲಿಯುವ ಹೆಂಡತಿಗೆ ಆ ಲೆಕ್ಕ ಗೊತ್ತಿತ್ತು.

ಎರಡನೆಯ ದಿನವೂ ಬೂದಿ ಅಲ್ಲೇ ನಿಂತಿತು. ಮೂರನೆಯ ದಿನವೂ. ಟೈಲರಕ್ಕ ಎಣಿಸಿ ನೋಡಿದಳು: ನೂರಾ ನಲವತ್ತೆರಡನೇ ಮೆಟ್ಟಿಲು. ಅಳತೆ ತಪ್ಪಿದರೆ ನಿದ್ದೆ ಬಾರದ ಹೆಂಗಸು ಅವಳು. ಮೊದಮೊದಲು ಬಂದ ಸಿಟ್ಟು ಒಂದು ವಾರದಲ್ಲಿ ಸೋತು, ಅದರ ಜಾಗಕ್ಕೆ ಕುತೂಹಲ ಬಂದು ಕೂತಿತು. ಯಾಕೆ ಇಲ್ಲೇ? ಭಾರ ಹೆಚ್ಚಾಯಿತೇನೋ ಎಂದು ಒಂದು ದಿನ ಹೊರೆಯನ್ನು ಅರ್ಧ ಮಾಡಿದಳು. ನಿಂತಿತು. ತಡಿ ಒತ್ತುತ್ತಿದೆಯೇನೋ ಎಂದು, ಗೋಣಿಯೊಳಗೆ ಹುಲ್ಲು ತುಂಬಿ ತಾನೇ ಹೊಲಿದಿದ್ದ ಆ ಬೆನ್ನಿನ ಮೆತ್ತೆಯನ್ನು ಬಿಚ್ಚಿ, ಹುಲ್ಲು ಬದಲಾಯಿಸಿ, ಮತ್ತೆ ಹೊಲಿದಳು. ಹೊಸ ಮೆತ್ತೆ ಹಾಕಿಕೊಂಡೂ ನಿಂತಿತು. ಗೊರಸು ಎತ್ತಿ ಕಲ್ಲು ಸಿಕ್ಕಿದೆಯೇ ನೋಡಿದಳು. ಬಾಯಿಗೆ ಬೆಲ್ಲ ಇಟ್ಟು ಪುಸಲಾಯಿಸಿದಳು. ಬೂದಿ ಬೆಲ್ಲ ತಿಂದು ನಿಂತಿತು. ಇಳಿಯುವಾಗ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಅಷ್ಟರಲ್ಲಿ ಪ್ಲಾಸ್ಟರಿನ ಕಾಲು ಚಾಚಿಕೊಂಡೇ ಗಾಳಿಯಣ್ಣ ಒಂದು ವ್ಯವಹಾರ ಕುದುರಿಸಿದ್ದ. ಕೆಳಗಿನ ಸಂತೆಯ ಕತ್ತೆ ದಲ್ಲಾಳಿ ಶನಿವಾರ ಬರುತ್ತಾನೆ, ಒಂದು ಎಳೆಯ ಗಂಡು ಕತ್ತೆ ಕೊಟ್ಟು ಬೂದಿಯನ್ನು ಒಯ್ಯುತ್ತಾನೆ ಎಂದು ಮಾತಾಗಿತ್ತು.

"ಒಯ್ದು ಏನು ಮಾಡ್ತಾನಂತೆ?" ಎಂದಳು.

"ಏನಾದ್ರೂ ಮಾಡ್ಕೊಳ್ಲಿ. ಚರ್ಮದವರು ತಗೋತಾರಂತೆ." ಅವನು ಅವಳ ಮುಖ ನೋಡದೆ ಹೇಳಿದ. "ಹೊಸದು ನಿಲ್ಲೋ ಜಾತಿಯೇ ಅಲ್ವಂತೆ. ಬಿಟ್ಟ ಬಾಣ. ದಿನಕ್ಕೆ ಆರು ಸಲ ಹತ್ತಬಹುದು."

ಚರ್ಮ ಎಂಬ ಮಾತು ಕೇಳಿ ಅವಳು ಬಾಗಿಲಿಗೆ ಹೋಗಿ, ಹೊರಗೆ ಕಟ್ಟಿದ್ದ ಬೂದಿಯನ್ನು ನೋಡಿದಳು. ಹನ್ನೆರಡು ವರ್ಷ ಮನೆಗೆ ಅನ್ನ ಹಾಕಿದ ಪ್ರಾಣಿ. ಹೇಗಾದರೂ ಮಾಡಿ ಶನಿವಾರದೊಳಗೆ ಅದು ನಿಲ್ಲುವ ಕಾರಣ ಕಂಡುಹಿಡಿಯಬೇಕು, ಆ ರೋಗ ಬಿಡಿಸಬೇಕು, ಬಿಡಿಸಿದರೆ ಬೂದಿ ಉಳಿಯುತ್ತದೆ ಎಂದು ಹಟ ಹಿಡಿದಳು. ಮಂಗಳವಾರ ಬೆಳಿಗ್ಗೆ ತಡಿಯನ್ನೂ ಹಾಕದೆ, ಬರಿ ಮೈಯ ಬೂದಿಯನ್ನು ಹಿಡಿದುಕೊಂಡು ಹೊರಟಳು. ನೂರಾ ನಲವತ್ತೆರಡನೇ ಮೆಟ್ಟಿಲಿಗೆ ಬಂದದ್ದೇ ತಡ, ಅದು ನಿಂತು ದಾರಿಗೆ ಅಡ್ಡ ತಿರುಗಿತು.

"ಅಜ್ಜಾ," ಎಂದು ಅವಳು ಗಡಿಯಾರದ ಅಂಗಡಿಯ ಕಿಟಕಿಗೆ ಬಾಗಿದಳು. "ಇದಕ್ಕೆ ದೆವ್ವ ಗಿವ್ವ ಹಿಡಿದಿದೆಯಾ ಹೇಗೆ? ಬೆನ್ನ ಮೇಲೆ ಒಂದು ಕಡ್ಡಿ ಕೂಡ ಇಲ್ಲ, ಆದ್ರೂ ನಿಂತ್ಕೊಂಡಿದೆ ನೋಡಿ."

ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ಗಡಿಯಾರದಜ್ಜ ಇನ್ನೊಂದು ಕಣ್ಣಿನಿಂದ ಕತ್ತೆಯನ್ನು ನೋಡಿದ. "ಹನ್ನೊಂದು ನಿಮಿಷ ತಾಯಿ. ಸುಮ್ನೆ ಕೂತ್ಕೋ. ಹನ್ನೊಂದಾದ ಮೇಲೆ ಹೋಗುತ್ತೆ."

"ನಿಮಗೆ ಹೇಗೆ ಗೊತ್ತು?"

"ಇನ್ನೇನು ಕೆಲಸ ನನಗೆ? ರಿಪೇರಿ ಆದ ಗಡಿಯಾರ ಸರಿಯಾಗಿ ಓಡುತ್ತಾ ಅಂತ ನೋಡ್ತಾ ಕೂರಬೇಕು. ಕಣ್ಣೆದುರಿಗೆ ಇದು ಬಂದು ನಿಲ್ಲುತ್ತೆ, ಅದನ್ನೂ ನೋಡ್ತೀನಿ. ಎರಡು ವರ್ಷದ ಹಿಂದೆ ಮೂರು ನಿಮಿಷ ನಿಲ್ತಿತ್ತು. ಹೋದ ಚಳಿಗಾಲದಲ್ಲಿ ಏಳು. ನಿನ್ನ ಗಂಡ ಬೀಳೋ ಹೊತ್ತಿಗೆ ಹನ್ನೊಂದು." ಅಜ್ಜ ಭೂತಗನ್ನಡಿ ತೆಗೆದು ಕಣ್ಣುಜ್ಜಿಕೊಂಡ. ಮಾತಿಗೆ ಜನ ಸಿಕ್ಕರೆ ಬಿಡುವವನಲ್ಲ. "ಕತ್ತೆ ಅಂದ್ರೆ ಹಗುರ ಮಾಡ್ಬೇಡ ತಾಯಿ. ಬಂಡಿ ಚಕ್ರ ಬರೋಕೆ ಮುಂಚೆಯೇ ಮನುಷ್ಯನ ಜೊತೆ ಕತ್ತೆ ಬಂದಿತ್ತಂತೆ. ಸಾವಿರಾರು ವರ್ಷದ ಹಿಂದಿನ ಒಬ್ಬ ರಾಜನ ಸಮಾಧಿ ಅಗೆದರಂತೆ. ನೋಡಿದ್ರೆ ಪಕ್ಕದಲ್ಲಿ ಕತ್ತೆಗಳನ್ನೂ ಹೂಳಿದ್ದಾರೆ, ಗೌರವದಿಂದ! ರಾಜನ ಕತ್ತೆ, ಸುಖವಾಗಿ ಇದ್ದಿರಬೇಕು ಅಂದ್ಕೊಂಡ್ರೆ, ಬೆನ್ನಿನ ಮೂಳೆಯೆಲ್ಲ ಸವೆದು ಹೋಗಿತ್ತಂತೆ. ಅಷ್ಟು ಹೊತ್ತಿದ್ದವು. ಬಾಯಿಲ್ಲದ ಪ್ರಾಣಿ, ಯಾರಿಗೂ ಹೇಳ್ಲಿಲ್ಲ. ಐದು ಸಾವಿರ ವರ್ಷ ಆದ್ಮೇಲೆ ಆ ಸವೆತವೇ ಹೇಳ್ತು."

ಟೈಲರಕ್ಕನಿಗೆ ರಾಜನ ಸಮಾಚಾರ ಅಷ್ಟಾಗಿ ತಲೆಗೆ ಹೋಗಲಿಲ್ಲ. ಸವೆತ ಎಂಬ ಮಾತು ಮಾತ್ರ ಕಿವಿಗೆ ಬಿತ್ತು. ಸವೆತ ಅವಳ ಕಸುಬಿನ ಮಾತು. ತೇಪೆಗೆ ಬಂದ ಬಟ್ಟೆ ನೋಡಿಯೇ ಅವಳು ಹೇಳಬಲ್ಲಳು, ಇವರು ಎಡಗೈಯಲ್ಲಿ ಬರೆಯುವವರು, ಇವರು ಮೇಜಿಗೆ ಮೊಣಕೈ ಊರಿ ಕೂರುವವರು, ಇವರಿಗೆ ಮಂಡಿ ನೋವಿದೆ ಎಂದು. ಈ ಕಣ್ಣಿನಿಂದ ಬೂದಿಯನ್ನು ಒಂದು ದಿನವೂ ನೋಡಿರಲಿಲ್ಲವಲ್ಲ! ಎದ್ದು ಹೋಗಿ ಅದರ ಸುತ್ತ ಒಂದು ಸುತ್ತು ಹಾಕಿದಳು. ಬೆನ್ನಿನ ಮೇಲೆ ತಡಿ ಉಜ್ಜಿದ ಗುರುತಿತ್ತು, ಅದು ಇರಬೇಕಾದದ್ದೇ. ಹೊಟ್ಟೆಯ ಕೆಳಗೆ ಹಗ್ಗದ ಗೆರೆ, ಅದೂ ಸರಿ. ಆದರೆ ತಡಿಗಿಂತ ಮುಂದೆ, ಕುತ್ತಿಗೆಯ ಬುಡದಲ್ಲಿ, ತಡಿಯಾಗಲಿ ಹಗ್ಗವಾಗಲಿ ಮುಟ್ಟದ ಜಾಗದಲ್ಲಿ, ಕೂದಲು ಸವೆದು ನುಣುಪಾಗಿ ಹೊಳೆಯುತ್ತಿತ್ತು. ಒಂದು ಗೇಣು ಉದ್ದ, ನಾಲ್ಕು ಬೆರಳಗಲ. ಅದೂ ಕೆಳಗಿನ ಮೆಟ್ಟಿಲಿನ ಕಡೆಗಿರುವ ಮಗ್ಗುಲಲ್ಲಿ ಮಾತ್ರ.

ಅವಳು ಅಲ್ಲಿ ತನ್ನ ಎಡತೋಳನ್ನು ಇಟ್ಟು ನೋಡಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸರಿಯಾಗಿ ಕೂತಿತು, ಅಳತೆ ಕೊಟ್ಟು ಮಾಡಿಸಿದ ಹಾಗೆ. ತೋಳಿಟ್ಟ ಮೇಲೆ ತಲೆ ತಾನಾಗಿಯೇ ಬಾಗಿ ತೋಳಿನ ಮೇಲೆ ಬಂತು. ಬೂದಿ ಅವಳ ಭಾರಕ್ಕೆ ಸರಿಯಾಗಿ ಕಾಲು ಊರಿಕೊಂಡಿತು. ಆಗ ಅವಳಿಗೆ ಗಂಡನ ಅಂಗಿಗಳು ನೆನಪಾದವು. ಈ ಒಂದು ವರ್ಷದಲ್ಲಿ ನಾಲ್ಕು ಅಂಗಿಗಳ ಎಡತೋಳಿಗೇ ತೇಪೆ ಹಾಕಿದ್ದಳು. ಎಲ್ಲಿ ಉಜ್ಜಿಕೊಂಡು ಬರ್ತೀರಿ, ಕತ್ತೆ ವಯಸ್ಸಾದ್ರೂ ಬುದ್ಧಿ ಬರ್ಲಿಲ್ಲ ಎಂದು ಬೈದಿದ್ದಳು. ಅವನು ನಕ್ಕುಬಿಟ್ಟಿದ್ದ.

"ಅಜ್ಜಾ," ಎಂದಳು. "ಕತ್ತೆ ಇಲ್ಲಿ ನಿಂತಾಗ ಇವರು ಏನು ಮಾಡ್ತಿದ್ರು?"

"ಏನು ಮಾಡ್ತಾನೆ, ಪಾಪ. ಅದರ ಮೇಲೆ ತೋಳಿಟ್ಕೊಂಡು ತಲೆ ತಗ್ಗಿಸಿ ನಿಲ್ತಿದ್ದ. ಮಾತಾಡ್ಸಿದ್ರೆ ಕೈ ಎತ್ತಿ 'ಸ್ವಲ್ಪ ತಾಳಿ' ಅನ್ನೋನು. ಆಮೇಲೆ, 'ಕತ್ತೆಗೆ ದಣಿವು ಅಜ್ಜಾ, ಸ್ವಲ್ಪ ಸುಧಾರಿಸ್ಕೊಳ್ಲಿ' ಅನ್ನೋನು. ಒಳ್ಳೆ ಮನಸ್ಸು."

"ಕತ್ತೆ ಏದುಸಿರು ಬಿಡ್ತಿತ್ತಾ?"

ಅಜ್ಜ ಕೈಯಲ್ಲಿದ್ದ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ. "ಇಲ್ಲ ತಾಯಿ," ಎಂದ. "ಕತ್ತೆ ಯಾವತ್ತೂ ಏದುಸಿರು ಬಿಟ್ಟದ್ದು ನಾನು ನೋಡ್ಲಿಲ್ಲ."

ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ! ಎರಡು ವರ್ಷದಿಂದ ಎದೆ ಹಿಡಿದುಕೊಂಡು ನಿಂತು, ಮನೆಗೆ ಬಂದು ಕತ್ತೆಯ ಮೇಲೆ ಹಾಕಿದ್ದಾನೆ. ಬಿದ್ದದ್ದೂ ತಲೆ ಸುತ್ತಿಯೇ ಇರಬೇಕು. ಅದನ್ನೂ ಅದರ ತಲೆಗೇ ಕಟ್ಟಿದ. ಡಾಕ್ಟರೋ, ಕಾಲು ಮುರಿದಿದೆ ಅಂದದ್ದಕ್ಕೆ ಕಾಲನ್ನಷ್ಟೇ ನೋಡಿ ಕಳಿಸಿದರು. ಐವತ್ತನೇ ಮೆಟ್ಟಿಲು ಇಳಿಯುವ ಹೊತ್ತಿಗೆ ಸಿಟ್ಟು ಹೋಗಿ ಹೆದರಿಕೆ ಬಂತು. ಶನಿವಾರ ಬರುವ ಕತ್ತೆ ನಿಲ್ಲುವ ಜಾತಿಯಲ್ಲ. ನಿಲ್ಲದ ಕತ್ತೆಯ ಹಗ್ಗ ಹಿಡಿದು ಇವನು ದಿನಕ್ಕೆ ಆರು ಸಲ ಹತ್ತಿದರೆ, ಎಷ್ಟು ದಿನ ಹತ್ತುತ್ತಾನೆ?

ಊಟಕ್ಕೆ ಬಡಿಸುತ್ತಾ ಮೆಲ್ಲಗೆ ತೆಗೆದಳು. "ರೀ, ಮೆಟ್ಟಿಲು ಹತ್ತುವಾಗ ನಿಮಗೇನಾದ್ರೂ..."

"ನನಗೇನಾಗಿದೆ?" ಎಂದು ಅವನು ಕೂಡಲೇ ತಲೆಯೆತ್ತಿದ. "ಊರೆಲ್ಲ ಗಾಳಿ ಅಂತ ಕರೆಯೋದು ಸುಮ್ನೆನಾ? ಕತ್ತೆ ಸರಿಯಿಲ್ಲ ಅಷ್ಟೆ."

"ಬೂದಿ ಇರ್ಲಿ. ಕಳಿಸೋದು ಬೇಡ."

"ಅದರ ಮಾತು ನನ್ನ ಹತ್ರ ಎತ್ತಬೇಡ." ತಟ್ಟೆಯಲ್ಲೇ ಕೈ ತೊಳೆದು ಗೋಡೆಯ ಕಡೆ ತಿರುಗಿ ಮಲಗಿದ. ಅವಳು ತಟ್ಟೆ ಎತ್ತಿಕೊಂಡು ಹೋದಳು. ಹೇಳಿದರೆ ಅವನು ಇನ್ನೂ ಬಿಗಿಯಾಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಗುರುವಾರ ಪ್ಲಾಸ್ಟರ್ ತೆಗೆದರು. ಅಲ್ಲಿಯೂ ಡಾಕ್ಟರ ಮುಂದೆ ಅವಳು ಬಾಯಿ ತೆರೆಯುವ ಮೊದಲೇ, "ಬಾ ಬಾ, ಹೊತ್ತಾಯ್ತು," ಎಂದು ಕೋಲೂರಿಕೊಂಡು ಅವನು ಹೊರಗೆ ಬಂದಿದ್ದ.

ಶನಿವಾರ ಬೆಳಿಗ್ಗೆ ದಲ್ಲಾಳಿ ಬಂದ. ಕಂದು ಬಣ್ಣದ ಎಳೆಯ ಕತ್ತೆ ಅಂಗಳದಲ್ಲಿ ನಿಂತಲ್ಲಿ ನಿಲ್ಲದೆ ಕುಣಿಯುತ್ತಿತ್ತು.

"ಗಾಳಿಯಣ್ಣಾ, ನಿನಗೆ ತಕ್ಕ ಜೋಡಿ ಇದು," ಎಂದ ದಲ್ಲಾಳಿ. "ಬೇಕಾದ್ರೆ ಈಗಲೇ ಹತ್ತಿಸಿ ನೋಡು."

ಆ ಹೆಸರೊಂದು ಕಿವಿಗೆ ಬಿದ್ದರೆ ಸಾಕಲ್ಲ. ಹೆಂಡತಿ ಬೇಡ ಬೇಡ ಅನ್ನುತ್ತಿದ್ದಂತೆ ಅವನು ಕೋಲನ್ನು ಗೋಡೆಗೆ ಒರಗಿಸಿ, ಹಗ್ಗ ಕೈಗೆ ಸುತ್ತಿಕೊಂಡು ಹೊರಟೇಬಿಟ್ಟ. ದಲ್ಲಾಳಿ ಅವನ ಪಕ್ಕದಲ್ಲಿ ಹೊಗಳುತ್ತಾ ನಡೆದ. ಟೈಲರಕ್ಕ ಅರೆಗಳಿಗೆ ನಿಂತು ಯೋಚಿಸಿದಳು. ಆಮೇಲೆ ಸೆರಗು ಸಿಕ್ಕಿಸಿ, ಬೂದಿಯ ಹಗ್ಗ ಬಿಚ್ಚಿ ಅದನ್ನೂ ಕರೆದುಕೊಂಡು ಹಿಂದೆ ಹೊರಟಳು.

ಎಳೆಯ ಕತ್ತೆ ಹೇಳಿದಂತೆಯೇ ಇತ್ತು. ಅರವತ್ತು, ಎಂಬತ್ತು, ನೂರು; ಎಲ್ಲೂ ತಡೆಯಲಿಲ್ಲ. ಇಪ್ಪತ್ತು ಮೆಟ್ಟಿಲು ಕೆಳಗಿನಿಂದ ಅವಳಿಗೆ ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಆರು ವಾರ ಮಲಗಿದ್ದ ಕಾಲು ಒಂದು ಕಡೆಗೆ ಎಳೆಯುತ್ತಿತ್ತು. ನೂರಿಪ್ಪತ್ತರ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಈಗ ಅವನು ಕತ್ತೆಯನ್ನು ನಡೆಸುತ್ತಿರಲಿಲ್ಲ, ಕತ್ತೆಯೇ ಅವನನ್ನು ಎಳೆಯುತ್ತಿತ್ತು. ಗಡಿಯಾರದ ಅಂಗಡಿ ಬಂತು. ಎಳೆಯ ಕತ್ತೆ ಅದನ್ನು ದಾಟಿ ಮುಂದೆ ಹೋಯಿತು. ಗಾಳಿಯಣ್ಣನ ಕೈಯಿಂದ ಹಗ್ಗ ಜಾರಿತು.

"ಹೋಯ್! ನೋಡಿದ್ಯಾ ವೇಗ!" ಎಂದು ಕೂಗುತ್ತಾ ದಲ್ಲಾಳಿ ಕತ್ತೆಯ ಹಿಂದೆ ಮೇಲಕ್ಕೆ ಓಡಿದ.

ಗಾಳಿಯಣ್ಣ ಮೆಟ್ಟಿಲಿನ ನಡುವೆ ಒಬ್ಬನೇ ನಿಂತಿದ್ದ. ಹಿಡಿದುಕೊಳ್ಳಲು ಏನೂ ಇಲ್ಲದೆ ಅವನ ಎಡಗೈ ಗಾಳಿಯಲ್ಲಿ ತಡಕಾಡಿತು. ಟೈಲರಕ್ಕ ಹಗ್ಗ ಬಿಟ್ಟು ಓಡಲು ನೋಡಿದಳು, ಆದರೆ ಅವಳಿಗಿಂತ ಮೊದಲು ಬೂದಿ ಹತ್ತಿತ್ತು. ಅವನ ಮೇಲಿನ ಮೆಟ್ಟಿಲಿಗೆ ಹೋಗಿ, ಮೈ ತಿರುಗಿಸಿ ದಾರಿಗೆ ಅಡ್ಡ ನಿಂತಿತು. ಅವನ ತೋಳು ಅದರ ಕುತ್ತಿಗೆಯ ಬುಡಕ್ಕೆ ಬಿತ್ತು, ಹಣೆ ತೋಳಿನ ಮೇಲೆ ಬಿತ್ತು. ತುಟಿ ಬೂದು ಬಣ್ಣಕ್ಕೆ ತಿರುಗಿತ್ತು. ಗಡಿಯಾರದಜ್ಜ ಅಂಗಡಿಯಿಂದ ನೀರಿನ ಚೊಂಬು ಹಿಡಿದುಕೊಂಡು ಬಂದ.

ಟೈಲರಕ್ಕ ಗಂಡನ ಬೆನ್ನಿನ ಮೇಲೆ ಅಂಗೈ ಇಟ್ಟಳು. ಒಳಗೆ ಎದೆ ಬಡಿದುಕೊಳ್ಳುವುದು ಕೈಗೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ತಲೆ ಎತ್ತದೆಯೇ ಕೇಳಿದ, "ಯಾವಾಗಿಂದ ಗೊತ್ತು ನಿನಗೆ?"

"ಮಂಗಳವಾರದಿಂದ. ಇದಕ್ಕೆ ಎರಡು ವರ್ಷದಿಂದ ಗೊತ್ತು." ಅವಳ ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದು ಬಿಟ್ಟಳು. "ಇನ್ನೊಂದು ಮೆಟ್ಟಿಲು ಹತ್ತೋ ಹಾಗಿಲ್ಲ ನೀವು. ಇಲ್ಲಿಂದ ಸೀದಾ ಡಾಕ್ಟರ ಹತ್ರ. ಈ ಸಲ ನಾನು ಮಾತಾಡ್ತೀನಿ, ನೀವು ಬಾಯಿ ಮುಚ್ಕೊಂಡು ಕೂರ್ಬೇಕು."

ಮೇಲಿನಿಂದ ದಲ್ಲಾಳಿ ಎಳೆಯ ಕತ್ತೆಯನ್ನು ಹಿಡಿದುಕೊಂಡು ಇಳಿದು ಬರುತ್ತಿದ್ದ. ಗಂಡನ ಬಗ್ಗಿದ ತಲೆಯ ಮೇಲೆ ಅವನ ಕಣ್ಣು ಬೀಳುವ ಮೊದಲೇ ಟೈಲರಕ್ಕ ಎರಡು ಹೆಜ್ಜೆ ಮುಂದೆ ಬಂದು ನಿಂತಳು.

"ನಮ್ಮ ಕತ್ತೆಗೆ ದಣಿವಾಗಿದೆ ಕಣಪ್ಪ," ಎಂದಳು. "ಸ್ವಲ್ಪ ಸುಧಾರಿಸ್ಕೊಳ್ಬೇಕು."

ದಲ್ಲಾಳಿ ನಕ್ಕ. "ಅದಕ್ಕೇ ಅಲ್ವಾ ಅಕ್ಕಾ ನಾನು ಬಂದಿರೋದು? ಮೊಂಡು ಮುಂಡೇದು. ನೋಡಿ ಹೇಗೆ ಬೇಕೂಂತ ದಾರಿಗೆ ಅಡ್ಡ ನಿಂತಿದೆ. ಹಗ್ಗ ಕೊಡಿ ಇಲ್ಲಿ, ನಾಲ್ಕು ಬಿಗಿದ್ರೆ ತಾನೇ ನಡೆಯುತ್ತೆ."

ಅವನು ಕೈ ಚಾಚಿದ. ಬೂದಿಯ ಕುತ್ತಿಗೆಯ ಮೇಲಿಂದ ಗಾಳಿಯಣ್ಣ ಮುಖ ಎತ್ತಿದ. ಉಸಿರು ಇನ್ನೂ ಪೂರ್ತಿ ಬಂದಿರಲಿಲ್ಲ. ಮಾತು ತುಂಡು ತುಂಡಾಗಿ ಬಂತು.

"ಅದನ್ನ ಮುಟ್ಟಬೇಡ," ಎಂದ. "ಅದು ಯಾವತ್ತೂ ನಿಂತಿಲ್ಲ ಕಣಯ್ಯ. ನಿಲ್ತಾ ಇದ್ದದ್ದು ನಾನು."

ದಲ್ಲಾಳಿ ಅವನನ್ನು ನೋಡಿದ, ಅವಳನ್ನು ನೋಡಿದ, ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಕೊನೆಗೆ ತನ್ನ ಕತ್ತೆಯ ಬೆನ್ನು ಸವರಿದ. ಆಮೇಲೆ ಗೋಡೆಗೆ ಒತ್ತಿಕೊಂಡು, ಬೂದಿಯ ಹಿಂದಿನಿಂದ ತನ್ನ ಕತ್ತೆಯನ್ನು ಹೇಗೋ ತೂರಿಸಿ ಕೆಳಗೆ ಇಳಿದು ಹೋದ.

ಬೂದಿ ಕದಲಲಿಲ್ಲ. ಮೇಲಿನ ಊರಿನಿಂದ ಒಗೆಯುವ ಬಟ್ಟೆಯ ಗಂಟು ಹೊತ್ತು ಇಬ್ಬರು ಹೆಂಗಸರು ಇಳಿದು ಬಂದರು. ದಾರಿಗೆ ಅಡ್ಡ ನಿಂತ ಕತ್ತೆಯನ್ನೂ, ಅದರ ಮೇಲೆ ಮತ್ತೆ ತಲೆ ಇಟ್ಟಿದ್ದ ಗಂಡಸನ್ನೂ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗಂಟುಗಳನ್ನು ಇಳಿಸಿ, ಏನೂ ಕೇಳದೆ, ತಾವೂ ಅಲ್ಲೇ ಮೆಟ್ಟಿಲ ಮೇಲೆ ಕೂತರು.